ಸೇತುವೆಯ ಕಂಬಕ್ಕೂ ತೊಲೆಗೂ ನಡುವೆ ಗ್ಯಾಪ್ ಇದ್ದರೆ ಅಪಾಯವೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ನೋಡಿ ಸ್ವಾಮಿ, ಫ್ಲೈಓವರ್ ಕಂಬದ ಮೇಲೆ ಸರಿಯಾಗಿ ಕೂತೇ ಇಲ್ಲ! ಮಧ್ಯೆ ಬೆಳಕು ಕಾಣಿಸ್ತಿದೆ. ಸಿಮೆಂಟ್ ಹಾಕೋ ಜಾಗದಲ್ಲಿ ರಬ್ಬರ್ ತುಂಡು ಇಟ್ಟಿದ್ದಾರೆ. ಎಲ್ಲರಿಗೂ ಶೇರ್ ಮಾಡಿ, ಜೀವ ಉಳಿಸಿ." ಇಂಥ ಒಂದು ಫೋಟೊ ಅಥವಾ ವಿಡಿಯೊ ನಿಮ್ಮ ಗ್ರೂಪಿಗೂ ಬಂದಿರಬಹುದು. ಎಲ್ಲಾದರೂ ಸೇತುವೆ ಕುಸಿದ ಸುದ್ದಿ ಬಂದ ವಾರದಲ್ಲಂತೂ ಇವು ಸಾಲುಸಾಲಾಗಿ ಬರುತ್ತವೆ.

ಹೆದರಿಕೆಗೆ ಕಾರಣವಿಲ್ಲ ಎಂದು ನಾವು ಹೇಳುವುದಿಲ್ಲ. 2024ರ ಆಗಸ್ಟ್ 7ರ ನಡುರಾತ್ರಿ ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕ ಬದುಕಿದ್ದು ಅದೃಷ್ಟ. 2025ರ ಜುಲೈ 9ರ ಬೆಳಿಗ್ಗೆ ಗುಜರಾತಿನ ಗಂಭೀರಾ ಸೇತುವೆಯ ಒಂದು ಭಾಗ ಮಹಿಸಾಗರ ನದಿಗೆ ಬಿದ್ದಾಗ ಕನಿಷ್ಠ 20 ಮಂದಿ ಸತ್ತರು. ಇಂಥದ್ದನ್ನು ಕಂಡವರು ಸೇತುವೆಯ ಕೆಳಗೆ ನಿಂತು ಮೇಲೆ ನೋಡುವುದು ಸಹಜ.

ಆದರೆ ನೋಡಿದ್ದು ಏನು ಎಂದು ಗೊತ್ತಿರಬೇಕು. ಇರಲೇಬೇಕಾದ ಗ್ಯಾಪನ್ನು ಅಪಾಯ ಎಂದು ಹಂಚುತ್ತಾ ಹೋದರೆ, ನಿಜವಾದ ಅಪಾಯದ ಗುರುತು ಕಣ್ಣ ಮುಂದೆ ಇದ್ದರೂ ಕಾಣುವುದಿಲ್ಲ. ಹಾಗಾಗಿ ಈ ಲೇಖನದಲ್ಲಿ ಸೇತುವೆಯ ಕಂಬ ಮತ್ತು ತೊಲೆಯ ನಡುವಿನ ಆ ಒಂದು ಗೇಣು ಜಾಗದಲ್ಲಿ ಏನು ನಡೆಯುತ್ತದೆ ಎಂದು ನೋಡೋಣ.

ಚುಟುಕಾದ ಉತ್ತರ

ಸೇತುವೆ ಅಲುಗಬೇಕು. ಅದಕ್ಕಾಗಿಯೇ ಕಂಬ ಮತ್ತು ತೊಲೆಯ ನಡುವೆ ಬೇರಿಂಗ್ ಎಂಬ ಭಾಗವನ್ನು ಇಡುತ್ತಾರೆ, ರಸ್ತೆಯ ಮೇಲೆ ಸಂದು ಬಿಡುತ್ತಾರೆ. ಇವು ಇರುವುದು ತಪ್ಪಲ್ಲ. ಇವು ಕೆಟ್ಟು ಸೇತುವೆಗೆ ಅಲುಗಲು ಆಗದೇ ಹೋದಾಗ, ಅಥವಾ ಅಲುಗಬೇಕಾದ್ದಕ್ಕಿಂತ ಹೆಚ್ಚು ಸರಿದಾಗ ಅಪಾಯ ಶುರುವಾಗುತ್ತದೆ.

ಸೇತುವೆ ಯಾಕೆ ಅಲುಗಬೇಕು?

ಮೊದಲ ಕಾರಣ ಬಿಸಿಲು. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತೀರಿ. ಕಮ್ಮಾರರು ಪಟ್ಟಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸುತ್ತಾರೆ, ಅದು ಹಿಗ್ಗುತ್ತದೆ. ಹಿಗ್ಗಿದ ಪಟ್ಟಿಯನ್ನು ಮರದ ಚಕ್ರಕ್ಕೆ ತೊಡಿಸಿ ನೀರು ಹಾಕಿದರೆ ಅದು ಕುಗ್ಗಿ ಚಕ್ರವನ್ನು ಬಿಗಿಯಾಗಿ ಹಿಡಿಯುತ್ತದೆ. ಮೊಳೆ, ಅಂಟು ಯಾವುದೂ ಬೇಡ. ಕಬ್ಬಿಣ ಕುಗ್ಗುವಾಗ ಎಷ್ಟು ಬಲ ಹಾಕುತ್ತದೆ ಎಂಬುದಕ್ಕೆ ಇದೇ ಸಾಕ್ಷಿ.

ಸೇತುವೆಯಲ್ಲೂ ಇದೇ ನಡೆಯುತ್ತದೆ, ಮೆಲ್ಲಗೆ. ಉಕ್ಕು ಪ್ರತಿ 1 ಡಿಗ್ರಿ ಸೆಲ್ಸಿಯಸ್ ಬಿಸಿಗೆ ತನ್ನ ಉದ್ದದ 10 ಲಕ್ಷದಲ್ಲಿ ಸುಮಾರು 12 ಭಾಗ ಹಿಗ್ಗುತ್ತದೆ. ಕಾಂಕ್ರೀಟ್ ಕೂಡ ಹೆಚ್ಚು ಕಡಿಮೆ ಅಷ್ಟೇ. ಕೇಳಲು ಇದು ಏನೇನೂ ಅಲ್ಲ ಎನಿಸುತ್ತದೆ. ಲೆಕ್ಕ ಹಾಕಿ ನೋಡೋಣ.

ಕಲಬುರಗಿ, ರಾಯಚೂರಿನ ಕಡೆ ಚಳಿಗಾಲದ ಒಂದು ಬೆಳಗಿನ ಜಾವ 15 ಡಿಗ್ರಿ ಇದೆ ಎಂದುಕೊಳ್ಳಿ. ಮೇ ತಿಂಗಳ ಮಧ್ಯಾಹ್ನ ಗಾಳಿಯೇ 40 ಡಿಗ್ರಿ ದಾಟುತ್ತದೆ, ನೇರ ಬಿಸಿಲಿಗೆ ಒಡ್ಡಿದ ಉಕ್ಕು 55 ಡಿಗ್ರಿ ತಲುಪಬಹುದು. ವ್ಯತ್ಯಾಸ 40 ಡಿಗ್ರಿ. 60 ಮೀಟರ್ ಉದ್ದದ ಉಕ್ಕಿನ ಸೇತುವೆ ಆಗ ಸುಮಾರು 29 ಮಿಲಿಮೀಟರ್ ಉದ್ದವಾಗುತ್ತದೆ. ಅಂದರೆ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು.

ಆ ಒಂದು ಇಂಚು ಹಿಗ್ಗಲು ಬಿಡದೆ ಎರಡೂ ತುದಿಯನ್ನು ಭದ್ರವಾಗಿ ಕಟ್ಟಿಹಾಕಿದರೆ? ಹಿಗ್ಗಲಾಗದ ಉಕ್ಕು ಒಳಗೊಳಗೇ ಒತ್ತಡ ತುಂಬಿಕೊಳ್ಳುತ್ತದೆ. 40 ಡಿಗ್ರಿ ವ್ಯತ್ಯಾಸಕ್ಕೆ ಆ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಟನ್. ತೊಲೆಯ ಅಡ್ಡಕೊಯ್ತ 300 ಚದರ ಸೆಂಟಿಮೀಟರ್ ಇದ್ದರೆ ಅದು ಕಂಬವನ್ನು ಸುಮಾರು 300 ಟನ್ ಬಲದಿಂದ ತಳ್ಳುತ್ತದೆ. 10 ಟನ್ನಿನ 30 ಲಾರಿಗಳ ತೂಕದಷ್ಟು ಬಲ, ಅದೂ ಅಡ್ಡಡ್ಡಲಾಗಿ! ಸೇತುವೆಗೆ ಬಳಸುವ ಸಾಮಾನ್ಯ ಉಕ್ಕು ಸುಮಾರು 2.5 ಟನ್ ಒತ್ತಡಕ್ಕೆ ಶಾಶ್ವತವಾಗಿ ಬಾಗಿಬಿಡುತ್ತದೆ. ಒಂದೂ ವಾಹನ ಹತ್ತುವ ಮುಂಚೆಯೇ ಅದರ ಶಕ್ತಿಯ ಶೇ 40ರಷ್ಟನ್ನು ಬರೀ ಬಿಸಿಲೇ ತಿಂದುಹಾಕಿದ ಹಾಗಾಯಿತು.

ಎರಡನೆಯ ಕಾರಣ ಭಾರ. ಮಲೆನಾಡಿನ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಅಡಿಕೆ ಮರದ ಸಂಕವನ್ನು ದಾಟಿದವರಿಗೆ ಇದು ಚೆನ್ನಾಗಿ ಗೊತ್ತು. ನೀವು ನಡುವಿಗೆ ಬಂದಾಗ ಸಂಕ ಬಾಗುತ್ತದೆ, ಎರಡೂ ದಡದಲ್ಲಿ ಅದರ ತುದಿ ಸ್ವಲ್ಪ ಹೊರಳುತ್ತದೆ. ನೀವು ದಾಟಿದ ಮೇಲೆ ಮತ್ತೆ ನೆಟ್ಟಗಾಗುತ್ತದೆ. ದೊಡ್ಡ ಸೇತುವೆಯ ಮೇಲೆ ಲಾರಿ ಹೋದಾಗಲೂ ತೊಲೆ ಹೀಗೆಯೇ ಕೆಲವು ಮಿಲಿಮೀಟರ್ ಬಾಗಿ, ತುದಿಗಳು ತುಸು ತಿರುಗುತ್ತವೆ. ದಿನಕ್ಕೆ ಸಾವಿರಾರು ವಾಹನ ಓಡಾಡಿದರೆ ಅಷ್ಟೂ ಸಲ ಈ ತಿರುಗಾಟ ನಡೆಯಬೇಕು. ತುದಿಯನ್ನು ತಿರುಗಲು ಬಿಡದಿದ್ದರೆ ಕಂಬದ ಅಂಚು ಜಜ್ಜಿಹೋಗುತ್ತದೆ.

ಉಳಿದವನ್ನು ಬೇಗ ಹೇಳಿಬಿಡುತ್ತೇವೆ. ಹೊಸ ಕಾಂಕ್ರೀಟ್ ಒಣಗುತ್ತಾ ಕೆಲವು ವರ್ಷಗಳ ಕಾಲ ಸ್ವಲ್ಪ ಸ್ವಲ್ಪವೇ ಕುಗ್ಗುತ್ತದೆ. ಬಸ್ಸು, ರೈಲು ಬ್ರೇಕ್ ಹಾಕಿದಾಗ ಸೇತುವೆ ಮುಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಗಾಳಿ ಪಕ್ಕಕ್ಕೆ ನೂಕುತ್ತದೆ. ಭೂಕಂಪವಾದರೆ ಕೆಳಗಿನ ನೆಲವೇ ಅತ್ತಿತ್ತ ಓಡುತ್ತದೆ. ಕಂಬದ ತುದಿಯಲ್ಲಿರುವ ಆ ಪುಟ್ಟ ಭಾಗ ಇವೆಲ್ಲಕ್ಕೂ ಉತ್ತರ ಕೊಡಬೇಕು.

ಒಂದು ಕಡೆ ಕೀಲು, ಇನ್ನೊಂದು ಕಡೆ ಉರುಳೆ

ಮುಂದಿನ ಸಲ ರೈಲಿನಲ್ಲಿ ಹೋಗುವಾಗ ತ್ರಿಕೋನ ತ್ರಿಕೋನವಾಗಿ ಕಬ್ಬಿಣ ಜೋಡಿಸಿದ ಸೇತುವೆ ಸಿಕ್ಕರೆ ಗಮನಿಸಿ. ಅದಕ್ಕೆ ಟ್ರಸ್ ಎನ್ನುತ್ತಾರೆ. ತ್ರಿಕೋನದ ಮೂರು ಬದಿಗಳ ಉದ್ದ ಬದಲಾಗದ ಹೊರತು ಅದರ ಆಕಾರ ಬದಲಾಗುವುದಿಲ್ಲ. ಹಾಗಾಗಿ ಕಡಿಮೆ ಉಕ್ಕಿನಲ್ಲಿ ಹೆಚ್ಚು ಗಟ್ಟಿಯಾದ ಸೇತುವೆ ಕಟ್ಟಬಹುದು. ಟ್ರಸ್‌ನ ಒಳಗೆ ಎಲ್ಲವೂ ಬಿಗಿ. ಆದರೆ ಅದು ಕಂಬದ ಮೇಲೆ ಕೂರುವ ಜಾಗಕ್ಕೆ ಬಂದರೆ ಕಥೆ ಬೇರೆ.

ಸಾಮಾನ್ಯವಾಗಿ ಟ್ರಸ್‌ನ ಒಂದು ತುದಿಯಲ್ಲಿ ಕೀಲು ಇರುತ್ತದೆ. ಬಾಗಿಲಿನ ಕೀಲಿನ ಹಾಗೆ ಅದು ತಿರುಗಲು ಬಿಡುತ್ತದೆ, ಸರಿಯಲು ಬಿಡುವುದಿಲ್ಲ. ಇನ್ನೊಂದು ತುದಿಯಲ್ಲಿ ಉಕ್ಕಿನ ಉರುಳೆಗಳು ಇರುತ್ತವೆ, ಅಥವಾ ತೊಟ್ಟಿಲಿನ ಹಾಗೆ ಅಡಿಭಾಗ ದುಂಡಗಿರುವ ರಾಕರ್ ಇರುತ್ತದೆ. ಇದು ತಿರುಗಲೂ ಬಿಡುತ್ತದೆ, ಉದ್ದಕ್ಕೆ ಸರಿಯಲೂ ಬಿಡುತ್ತದೆ. ಬೇಸಿಗೆಯಲ್ಲಿ ಟ್ರಸ್ ಹಿಗ್ಗಿದಾಗ ಉರುಳೆ ಹೊರಕ್ಕೆ ಉರುಳುತ್ತದೆ, ಚಳಿಗಾಲದಲ್ಲಿ ಒಳಕ್ಕೆ.

ಎರಡೂ ಕಡೆ ಉರುಳೆ ಇಟ್ಟರೆ ಇನ್ನೂ ಒಳ್ಳೆಯದಲ್ಲವೇ ಎಂದು ಕೇಳಬಹುದು. ಬೇಡ. ಎರಡೂ ಕಡೆ ಬಿಟ್ಟರೆ ರೈಲು ಬ್ರೇಕ್ ಹಾಕಿದ ದಿನ ಇಡೀ ಸೇತುವೆ ಅದರ ಜೊತೆ ಹೊರಡುತ್ತದೆ. ಎರಡೂ ಕಡೆ ಕಟ್ಟಿದರೆ ಮೇಲೆ ಹೇಳಿದ 300 ಟನ್ನಿನ ಕಾಟ. ಒಂದು ಕಡೆ ಹಿಡಿದು, ಇನ್ನೊಂದು ಕಡೆ ಬಿಡುವುದೇ ಮಧ್ಯದ ದಾರಿ.

ಇದು ಇತ್ತೀಚಿನ ಉಪಾಯವೂ ಅಲ್ಲ. 1850ರಲ್ಲಿ ಬ್ರಿಟನ್ನಿನ ವೇಲ್ಸ್‌ನಲ್ಲಿ ರಾಬರ್ಟ್ ಸ್ಟೀಫನ್‌ಸನ್ ಕಟ್ಟಿಸಿದ ಬ್ರಿಟಾನಿಯಾ ರೈಲು ಸೇತುವೆಯಲ್ಲಿ, ಕಬ್ಬಿಣದ ಭಾರೀ ಕೊಳವೆಗಳನ್ನು ನಡುವಿನ ಗೋಪುರಕ್ಕೆ ಭದ್ರವಾಗಿ ಕೂರಿಸಿ ಉಳಿದ ಕಡೆ ಉರುಳೆಗಳ ಮೇಲೆ ಇಟ್ಟಿದ್ದರು. ಸುಮಾರು 175 ವರ್ಷಗಳ ಹಿಂದೆಯೇ ಎಂಜಿನಿಯರುಗಳಿಗೆ ಇದು ಪಾಠವಾಗಿತ್ತು.

ಹಾಗಾದರೆ ಆ ಕಪ್ಪು ರಬ್ಬರ್ ಏನು?

ಈಗ ಫಾರ್ವರ್ಡ್ ಫೋಟೊದಲ್ಲಿದ್ದ ರಬ್ಬರಿಗೆ ಬರೋಣ. ಬೆಂಗಳೂರಿನ ಮೆಟ್ರೊ ಮಾರ್ಗವಾಗಲಿ, ನಿಮ್ಮೂರಿನ ಬೈಪಾಸ್ ಮೇಲ್ಸೇತುವೆಯಾಗಲಿ, ಕಂಬದ ತಲೆಯ ಮೇಲೆ ಕಣ್ಣು ಹಾಯಿಸಿದರೆ ಇಂಥದ್ದೇನಾದರೂ ಕಾಣುತ್ತದೆ. ಮೊದಲು ಒಂದು ಚಿಕ್ಕ ಕಾಂಕ್ರೀಟ್ ಪೀಠ. ಅದಕ್ಕೆ ಪೆಡೆಸ್ಟಲ್ ಎನ್ನುತ್ತಾರೆ. ಅದರ ಮೇಲೆ ಕಪ್ಪು ಚೌಕದ ದಿಂಡು ಅಥವಾ ಉಕ್ಕಿನ ದುಂಡನೆಯ ಡಬ್ಬಿ. ಅದರ ಮೇಲೆ ತೊಲೆ. ಉಳಿದ ಕಡೆ ಖಾಲಿ ಜಾಗ, ಅದರಾಚೆ ಆಕಾಶ.

ಕಪ್ಪು ದಿಂಡು ಬರೀ ರಬ್ಬರ್ ತುಂಡಲ್ಲ. ಅದರೊಳಗೆ ರಬ್ಬರ್ ಮತ್ತು ತೆಳುವಾದ ಉಕ್ಕಿನ ಹಾಳೆಗಳನ್ನು ಪದರ ಪದರವಾಗಿ ಇಟ್ಟು, ಬಿಸಿ ಮತ್ತು ಒತ್ತಡ ಕೊಟ್ಟು ಒಂದಾಗಿ ಬೆಸೆದಿರುತ್ತಾರೆ. ಬರೀ ರಬ್ಬರಿನ ಮೇಲೆ ಭಾರ ಹಾಕಿದರೆ ಅದು ಪಕ್ಕಕ್ಕೆ ಉಬ್ಬಿ ಚಪ್ಪಟೆಯಾಗುತ್ತದೆ. ಮಧ್ಯದ ಉಕ್ಕಿನ ಹಾಳೆಗಳು ಹಾಗೆ ಉಬ್ಬಲು ಬಿಡುವುದಿಲ್ಲ. ಆದ್ದರಿಂದ ಮೇಲಿನಿಂದ ನೂರಾರು ಟನ್ ಬಿದ್ದರೂ ಅದು ತಡೆದುಕೊಳ್ಳುತ್ತದೆ. ಅಡ್ಡಕ್ಕೆ ತಳ್ಳಿದರೆ ಮಾತ್ರ ಸುಲಭವಾಗಿ ಓರೆಯಾಗುತ್ತದೆ.

ಇದನ್ನು ಮನೆಯಲ್ಲೇ ನೋಡಬಹುದು. ಇನ್ನೂರು ಪುಟದ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು ಮೇಲಿನಿಂದ ಅಂಗೈಯಲ್ಲಿ ಒತ್ತಿ. ಏನೂ ಆಗುವುದಿಲ್ಲ. ಈಗ ಮೇಲಿನ ರಟ್ಟನ್ನು ಪಕ್ಕಕ್ಕೆ ತಳ್ಳಿ. ಹಾಳೆಗಳು ಒಂದರ ಮೇಲೊಂದು ಸರಿದು ಪುಸ್ತಕದ ಬದಿ ಓರೆಯಾಗುತ್ತದೆ. ಸೇತುವೆಯ ದಿಂಡಿನಲ್ಲಿ ಹಾಳೆಗಳ ಬದಲು ರಬ್ಬರೇ ಹೀಗೆ ಓರೆಯಾಗುತ್ತದೆ. ತೊಲೆ ಕುಗ್ಗಿದಾಗ ಹಳೆಯ ಜಾಗಕ್ಕೆ ಮರಳುತ್ತದೆ. ಒಟ್ಟು 40 ಮಿಲಿಮೀಟರ್ ದಪ್ಪದ ರಬ್ಬರ್ ಪದರಗಳಿದ್ದರೆ 20 ಮಿಲಿಮೀಟರ್ ಸರಿಯುವುದು ಅದಕ್ಕೆ ಕಷ್ಟವೇನಲ್ಲ. ಹಾಗಾಗಿ ಫೋಟೊದಲ್ಲಿ ದಿಂಡು ಸ್ವಲ್ಪ ಓರೆಯಾಗಿ ಕಂಡರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದರ್ಥ.

ಇನ್ನೂ ದೊಡ್ಡ ಭಾರಕ್ಕೆ, ಇನ್ನೂ ದೊಡ್ಡ ಚಲನೆಗೆ ಉಕ್ಕಿನ ಡಬ್ಬಿಯಂಥ ಪಾಟ್ ಬೇರಿಂಗ್ ಬಳಸುತ್ತಾರೆ. ಡಬ್ಬಿಯೊಳಗೆ ರಬ್ಬರ್ ಬಿಲ್ಲೆಯನ್ನು ಬಿಗಿಯಾಗಿ ತುಂಬಿರುತ್ತಾರೆ. ಎಲ್ಲೂ ಹೊರಬರಲಾಗದ ರಬ್ಬರ್ ಅಷ್ಟು ಒತ್ತಡದಲ್ಲಿ ಹೆಚ್ಚುಕಡಿಮೆ ನೀರಿನಂತೆ ವರ್ತಿಸಿ ತೊಲೆಯ ತುದಿ ಯಾವ ಕಡೆಗೆ ಬೇಕಾದರೂ ತುಸು ತಿರುಗಲು ಬಿಡುತ್ತದೆ. ಅದರ ಮೇಲೆ ಸರಿದಾಡಲು ಟೆಫ್ಲಾನ್ ಹಾಳೆ, ಅದಕ್ಕೆ ತಾಗಿದಂತೆ ಕನ್ನಡಿಯಂತೆ ನುಣುಪಾದ ಸ್ಟೇನ್‌ಲೆಸ್ ಸ್ಟೀಲ್ ತಗಡು. ಹೌದು, ನಿಮ್ಮ ನಾನ್‌ಸ್ಟಿಕ್ ತವಾದಿಂದ ದೋಸೆ ಜಾರುವುದೂ ಟೆಫ್ಲಾನಿನಿಂದಲೇ. ಭಾರ ಹೆಚ್ಚಿದಷ್ಟೂ ಅದರ ಮೇಲಿನ ಘರ್ಷಣೆಯ ಪ್ರಮಾಣ ಇಳಿಯುತ್ತದೆ ಎಂಬುದು ಸೇತುವೆಗೆ ಒದಗಿದ ಲಾಭ.

ನಮ್ಮ ದೇಶದಲ್ಲಿ ರಸ್ತೆ ಸೇತುವೆಯ ಬೇರಿಂಗ್ ಹೇಗಿರಬೇಕು ಎಂದು ಹೇಳಲು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಐಆರ್‌ಸಿ 83 ಎಂಬ ಪ್ರತ್ಯೇಕ ಸಂಹಿತೆಯೇ ಇದೆ. ಲೋಹದ ಬೇರಿಂಗಿಗೆ ಒಂದು ಭಾಗ, ರಬ್ಬರಿನದಕ್ಕೆ ಒಂದು ಭಾಗ, ಪಾಟ್ ಬೇರಿಂಗಿಗೆ ಇನ್ನೊಂದು ಭಾಗ. "ಸಿಮೆಂಟ್ ಉಳಿಸಲು ರಬ್ಬರ್ ಇಟ್ಟರು" ಎಂಬ ಮಾತಿನಲ್ಲಿ ಹುರುಳಿಲ್ಲ. ಅಲ್ಲಿ ಸಿಮೆಂಟ್ ತುಂಬಿದರೇ ತಪ್ಪು.

ಕೆಲವು ಕಡೆ ಕಂಬದ ಮೇಲೆ ತೊಲೆಯ ಪಕ್ಕದಲ್ಲಿ ಯಾವುದಕ್ಕೂ ತಾಗದೆ ನಿಂತ ಕಾಂಕ್ರೀಟ್ ಗಟ್ಟಿಗಳೂ ಕಾಣುತ್ತವೆ. "ಅರ್ಧಕ್ಕೇ ಬಿಟ್ಟ ಕೆಲಸ" ಎಂದು ಇವುಗಳ ಫೋಟೊ ಕೂಡ ಓಡಾಡುತ್ತದೆ. ಭೂಕಂಪದಲ್ಲಿ ತೊಲೆ ಮಿತಿ ಮೀರಿ ಸರಿದು ಕಂಬದಿಂದ ಬೀಳದಂತೆ ತಡೆಯುವ ಅಡ್ಡಗಟ್ಟಿಗಳು ಅವು. ಉಳಿದ ದಿನಗಳಲ್ಲಿ ಅವು ತಾಗಬಾರದು.

ರಸ್ತೆಯಲ್ಲಿ ದಡ್ ದಡ್ ಎನ್ನುವ ಸಂದು

ಫ್ಲೈಓವರ್ ಮೇಲೆ ಬೈಕಿನಲ್ಲಿ ಹೋಗುವಾಗ ಸಮ ಅಂತರದಲ್ಲಿ "ದಡ್... ದಡ್..." ಎಂದು ಕುಲುಕುತ್ತದಲ್ಲ, ಅವೇ ಎಕ್ಸ್‌ಪಾನ್ಷನ್ ಜಾಯಿಂಟ್‌ಗಳು. ಕೆಳಗೆ ತೊಲೆ ಹಿಗ್ಗಿ ಕುಗ್ಗಲು ಬೇರಿಂಗ್ ಬಿಟ್ಟ ಮೇಲೆ, ಮೇಲಿನ ರಸ್ತೆಯಲ್ಲೂ ಅಷ್ಟು ಜಾಗ ಬೇಕು. ಇಲ್ಲದಿದ್ದರೆ ಒಂದು ತೊಲೆ ಇನ್ನೊಂದಕ್ಕೆ ಹಣೆ ಹಚ್ಚುತ್ತದೆ. ಆ ಜಾಗದಲ್ಲಿ ಚಕ್ರ ಸಿಕ್ಕಿಕೊಳ್ಳದಂತೆ ಉಕ್ಕಿನ ಅಂಚು ಕೊಟ್ಟು, ನೀರು ಕೆಳಗಿಳಿಯದಂತೆ ರಬ್ಬರ್ ಪಟ್ಟಿ ಕೂರಿಸುತ್ತಾರೆ. ಉದ್ದದ ಸೇತುವೆಗಳಲ್ಲಿ ಬಾಚಣಿಗೆಯ ಹಲ್ಲಿನಂತೆ ಎರಡು ಕಡೆಯ ಉಕ್ಕಿನ ಬೆರಳುಗಳು ಒಂದರೊಳಗೊಂದು ಸೇರಿಕೊಂಡಿರುತ್ತವೆ.

ಈ ಸಂದು ಬೇಸಿಗೆಯಲ್ಲಿ ಕಿರಿದು, ಚಳಿಗಾಲದಲ್ಲಿ ಅಗಲ. ಜನವರಿಯ ಬೆಳಿಗ್ಗೆ ತೆಗೆದ ಫೋಟೊವನ್ನು ಏಪ್ರಿಲ್ ಮಧ್ಯಾಹ್ನದ ಫೋಟೊದ ಪಕ್ಕ ಇಟ್ಟು "ಬಿರುಕು ಬೆಳೆಯುತ್ತಿದೆ ನೋಡಿ" ಎಂದು ಯಾರಾದರೂ ಕಳಿಸಿದರೆ ಮೊದಲು ತಿಂಗಳು ಕೇಳಿ.

ನಿಂತಾಗ ನಡುಗುವ ಫ್ಲೈಓವರ್

ಟ್ರಾಫಿಕ್‌ನಲ್ಲಿ ಫ್ಲೈಓವರ್ ಮೇಲೆ ಗಾಡಿ ನಿಲ್ಲಿಸಿದ್ದೀರಿ. ಪಕ್ಕದಲ್ಲಿ ಬಸ್ಸೊಂದು ಹೋಯಿತು. ಕಾಲಡಿ ಸಣ್ಣಗೆ ಏರಿಳಿದಂತಾಯಿತು. ಎದೆ ಧಸಕ್ಕೆನ್ನುತ್ತದೆ. ಇದು ಸಂಕದ ನಡುವೆ ನಿಂತಾಗ ಆಗುವ ಅನುಭವದ ಇನ್ನೊಂದು ರೂಪ, ಅಷ್ಟೆ. ಎರಡು ಕಂಬದ ನಡುವಿನ ಅಂತರ ಹೆಚ್ಚಿದ್ದಷ್ಟೂ ಮಧ್ಯದಲ್ಲಿ ಈ ಏರಿಳಿತ ಹೆಚ್ಚು ತಿಳಿಯುತ್ತದೆ. ನೀವು ಓಡುತ್ತಿರುವಾಗ ಗಾಡಿಯ ಕುಲುಕಾಟದಲ್ಲಿ ಅದು ಗೊತ್ತಾಗುವುದಿಲ್ಲ, ನಿಂತಾಗ ಗೊತ್ತಾಗುತ್ತದೆ.

ಹಾಗಾದರೆ ಎಲ್ಲ ನಡುಕವೂ ಸರಿಯೇ? ಇಲ್ಲ. ದಿನವೂ ಹೋಗುವ ಸೇತುವೆ ಹಿಂದೆಂದೂ ಇಲ್ಲದಷ್ಟು ನಡುಗುತ್ತಿದೆ, ಹೊಸದಾಗಿ ಲೋಹ ಬಡಿದಂಥ ಸದ್ದು ಬರುತ್ತಿದೆ ಎಂದರೆ ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ನೋಡಬೇಕಾದ್ದು ಬದಲಾವಣೆಯನ್ನು.

ನಿಜವಾದ ಅಪಾಯ ಎಲ್ಲಿದೆ?

ಬೇರಿಂಗ್ ಸೇತುವೆಯಷ್ಟು ಕಾಲ ಬಾಳುವ ಭಾಗವಲ್ಲ. ರಬ್ಬರ್ ವಯಸ್ಸಾದಂತೆ ಗಟ್ಟಿಯಾಗಿ ಬಿರುಕು ಬಿಡುತ್ತದೆ. ಉಕ್ಕಿನ ಉರುಳೆಗೆ ತುಕ್ಕು ಹಿಡಿಯುತ್ತದೆ. ಸಂದಿನ ರಬ್ಬರ್ ಪಟ್ಟಿ ಹರಿದರೆ ರಸ್ತೆಯ ನೀರು, ಮಣ್ಣು, ಕಸ ನೇರವಾಗಿ ಬೇರಿಂಗ್ ಮೇಲೆ ಇಳಿಯುತ್ತದೆ. ಮಣ್ಣು ಕೂತ ಜಾಗದಲ್ಲಿ ಹಕ್ಕಿ ಹಾಕಿದ ಬೀಜದಿಂದ ಅರಳಿ ಗಿಡ ಹುಟ್ಟುತ್ತದೆ. ಹೀಗೆ ಉರುಳೆ ಉರುಳದಾಗುತ್ತದೆ, ಜಾರುವ ತಗಡು ಜಾರದಾಗುತ್ತದೆ. ನಾವು ಮೊದಲು ಲೆಕ್ಕ ಹಾಕಿದ ಆ ಬಲ ಆಗ ಕಂಬದ ಮೇಲೆ ಬೀಳಲು ಶುರುವಾಗುತ್ತದೆ.

ಇದಕ್ಕೆ ಉದಾಹರಣೆಗಳಿವೆ. 1983ರ ಜೂನ್ 28ರಂದು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಮಿಯಾನಸ್ ನದಿಯ ಸೇತುವೆಯ ಸುಮಾರು 30 ಮೀಟರ್ ಭಾಗ ಕೆಳಗೆ ಬಿದ್ದು ಮೂವರು ಸತ್ತರು. ಆ ಭಾಗ ತೂಗುಬಿದ್ದಿದ್ದು ಉಕ್ಕಿನ ಗೂಟ ಮತ್ತು ಕೊಂಡಿಗಳ ಕೀಲಿನಲ್ಲಿ. ರಸ್ತೆಯ ನೀರು ಹೊರಹೋಗುವ ಕಿಂಡಿಗಳನ್ನು ಡಾಂಬರು ಹಾಕುವಾಗ ಮುಚ್ಚಿಬಿಟ್ಟಿದ್ದರು. ನೀರು ಕೀಲಿಗೆ ಇಳಿದು ತುಕ್ಕು ಹಿಡಿಯಿತು. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಅದು ಉಬ್ಬಿ ಕೊಂಡಿಯನ್ನು ಗೂಟದಿಂದ ಹೊರಗೆ ನೂಕಿತು. ಒಂದು ಚರಂಡಿ ಕಿಂಡಿಯ ಬೆಲೆ ಮೂರು ಜೀವ.

ಗುಜರಾತಿನ ಗಂಭೀರಾ ಸೇತುವೆ 1985ರಲ್ಲಿ ಬಳಕೆಗೆ ಬಂದಿತ್ತು. ಅದು ಬಿದ್ದ ಮೇಲೆ ನಡೆದ ಪ್ರಾಥಮಿಕ ತನಿಖೆಯ ಆಧಾರದಲ್ಲಿ ಅಲ್ಲಿನ ಸರ್ಕಾರ ಹೇಳಿದ ಕಾರಣ ಪೆಡೆಸ್ಟಲ್ ಮತ್ತು ಕೀಲು ಜೋಡಣೆ ಜಜ್ಜಿಹೋದದ್ದು. ಅಂದರೆ ನಾವು ಇಷ್ಟು ಹೊತ್ತು ಮಾತಾಡಿದ ಅದೇ ಒಂದು ಗೇಣು ಜಾಗ. ಸೇತುವೆಯ ಸ್ಥಿತಿಯ ಬಗ್ಗೆ ಸ್ಥಳೀಯರು ಮೊದಲೇ ದೂರಿದ್ದರು ಎಂದು ಆಗ ಪತ್ರಿಕೆಗಳು ಬರೆದವು.

ಎಲ್ಲ ಕಥೆಯೂ ಸಾವಿನಲ್ಲಿ ಮುಗಿಯಬೇಕಿಲ್ಲ. ಪಟ್ನಾದಲ್ಲಿ ಗಂಗೆಗೆ ಅಡ್ಡಲಾಗಿರುವ ಮಹಾತ್ಮ ಗಾಂಧಿ ಸೇತು ಐದೂವರೆ ಕಿಲೋಮೀಟರಿಗಿಂತ ಉದ್ದ. 1982ರಲ್ಲಿ ಉದ್ಘಾಟನೆಯಾದಾಗ ಅದರ ಪ್ರತಿ ಕಂಬದಿಂದ ಎರಡೂ ಕಡೆ ಕಾಂಕ್ರೀಟಿನ ತೋಳುಗಳು ಚಾಚಿ, ಎದುರಿನ ಕಂಬದ ತೋಳನ್ನು ನಡುವೆ ಕೀಲಿನಲ್ಲಿ ಸೇರುತ್ತಿದ್ದವು. ವರ್ಷಗಳು ಕಳೆದಂತೆ ತೋಳುಗಳ ತುದಿ ಜಗ್ಗಿತು, ಕೀಲುಗಳು ಸವೆದವು. ಕೊನೆಗೆ ಮೇಲಿನ ಕಾಂಕ್ರೀಟನ್ನೆಲ್ಲ ತೆಗೆದು ಅದೇ ಕಂಬಗಳ ಮೇಲೆ ಉಕ್ಕಿನ ಟ್ರಸ್ ಕೂರಿಸಿದರು. ಆ ಕೆಲಸ 2022ರಲ್ಲಿ ಮುಗಿಯಿತು. ತೊಂದರೆಯನ್ನು ಸಮಯಕ್ಕೆ ಕಂಡು ಖರ್ಚು ಮಾಡಿದ್ದರಿಂದ ಸೇತುವೆ ಉಳಿಯಿತು.

ಚಲನೆ ಅತಿಯಾದರೂ ಕಷ್ಟ. 1989ರ ಅಕ್ಟೋಬರ್ 17ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ-ಓಕ್ಲೆಂಡ್ ಬೇ ಸೇತುವೆಯ ಟ್ರಸ್ ಸರಿದಾಗ ತುದಿ ಕೂರುವ ಜಾಗ ಸಾಲಲಿಲ್ಲ. ಮೇಲಿನ ಅಂತಸ್ತಿನ ಸುಮಾರು 15 ಮೀಟರ್ ರಸ್ತೆ ಕಳಚಿ ಕೆಳಗಿನ ಅಂತಸ್ತಿನ ಮೇಲೆ ಬಿತ್ತು. ಒಬ್ಬರು ಸತ್ತರು. ತೊಲೆಯ ತುದಿಗೆ ಕಂಬದ ಮೇಲೆ ಎಷ್ಟು ಅಗಲದ ಜಾಗ ಇರಬೇಕು ಎಂದು ಈಗ ಎಂಜಿನಿಯರುಗಳು ಅಷ್ಟು ತಲೆಕೆಡಿಸಿಕೊಳ್ಳುವುದು ಇದಕ್ಕೇ. ನಮ್ಮ ಸೇತುವೆಗಳ ಮೇಲಿನ ಅಡ್ಡಗಟ್ಟಿಗಳ ಹಿಂದೆಯೂ ಇದೇ ಯೋಚನೆ ಇದೆ.

ಬೇರಿಂಗ್ ಬದಲಿಸಬಹುದೇ?

ಬದಲಿಸಬಹುದು, ಬದಲಿಸಬೇಕು. ಬೈಕಿನ ಟೈರ್ ಸವೆದರೆ ಬೈಕನ್ನೇ ಎಸೆಯುವುದಿಲ್ಲವಲ್ಲ. ಕಂಬ ಮತ್ತು ತೊಲೆಯ ನಡುವೆ ಹೈಡ್ರಾಲಿಕ್ ಜ್ಯಾಕ್‌ಗಳನ್ನು ಇಟ್ಟು ಇಡೀ ತೊಲೆಯನ್ನು ಕೆಲವೇ ಮಿಲಿಮೀಟರ್ ಎತ್ತುತ್ತಾರೆ. ಹಳೆಯ ಬೇರಿಂಗ್ ಎಳೆದು ಹೊಸದನ್ನು ತಳ್ಳಿ ಮತ್ತೆ ಇಳಿಸುತ್ತಾರೆ. ಕಂಬದ ಮೇಲೆ ನಿಮಗೆ ಕಾಣುವ ಖಾಲಿ ಜಾಗದ ಇನ್ನೊಂದು ಉಪಯೋಗ ಇದು. ಜ್ಯಾಕ್ ಇಡಲು, ಪರೀಕ್ಷೆಗೆ ಬಂದವರು ಕಣ್ಣು ಹಾಯಿಸಲು ಅದು ಬೇಕು. ಆ ಸಮಯದಲ್ಲಿ ಸೇತುವೆಯನ್ನು ಕೆಲವು ರಾತ್ರಿ ಮುಚ್ಚಿದರೆ "ಸೇತುವೆ ಬೀಳುತ್ತಿದೆಯಂತೆ" ಎಂದು ಸುದ್ದಿ ಹಬ್ಬಿಸಬೇಡಿ. ಮುಚ್ಚಿ ರಿಪೇರಿ ಮಾಡುತ್ತಿರುವ ಸೇತುವೆ ಒಳ್ಳೆಯ ಲಕ್ಷಣ.

ನೀವು ಏನನ್ನು ಗಮನಿಸಬಹುದು?

ನಾವು ನೀವು ಎಂಜಿನಿಯರುಗಳಲ್ಲದೇ ಇರಬಹುದು. ಆದರೆ ದಿನವೂ ಅದೇ ದಾರಿಯಲ್ಲಿ ಓಡಾಡುವ ಕಣ್ಣಿಗೆ ಬದಲಾವಣೆ ಬೇಗ ಕಾಣುತ್ತದೆ. ಕೆಳಗಿನವು ಕಂಡರೆ ತಿಳಿಸುವುದು ಒಳ್ಳೆಯದು:

• ಒಂದು ಸಂದು ಪೂರ್ತಿ ಮುಚ್ಚಿಕೊಂಡು ಪಕ್ಕದ ಸಂದು ವಿಪರೀತ ಅಗಲವಾಗಿದ್ದರೆ
• ಸಂದಿನ ಒಂದು ಬದಿ ಇನ್ನೊಂದಕ್ಕಿಂತ ತಗ್ಗಿದ್ದು ಮೆಟ್ಟಿಲಿನಂತೆ ಆಗಿದ್ದರೆ
• ನೇರವಾಗಿದ್ದ ಕೈಪಿಡಿಗೋಡೆ ಸಂದಿನ ಬಳಿ ಹೊಂದಾಣಿಕೆ ತಪ್ಪಿದ್ದರೆ
• ರಬ್ಬರ್ ದಿಂಡು ಹರಿದಿದ್ದರೆ, ಜಾಗ ಬಿಟ್ಟು ಹೊರಗೆ ಬಂದಿದ್ದರೆ
• ಬೇರಿಂಗ್ ಕೆಳಗಿನ ಪೀಠ ಬಿರುಕು ಬಿಟ್ಟಿದ್ದರೆ, ತುಂಡು ಉದುರಿದ್ದರೆ
• ಮಳೆ ನಿಂತ ಮೇಲೂ ಕಂಬದ ತಲೆಯ ಮೇಲೆ ನೀರು ಸೋರುತ್ತಿದ್ದರೆ, ಕೆಂಪು ತುಕ್ಕಿನ ಗೆರೆ ಇಳಿದಿದ್ದರೆ
• ಸಂದಿನಲ್ಲಿ, ಕಂಬದ ಮೇಲೆ ಗಿಡ ಬೆಳೆದಿದ್ದರೆ
• ಇದ್ದಕ್ಕಿದ್ದಂತೆ ಸದ್ದು ಅಥವಾ ನಡುಕ ಹೆಚ್ಚಿದ್ದರೆ

ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಸೇತುವೆ ನಾಳೆ ಬೀಳುತ್ತದೆ ಎಂದಲ್ಲ. ಗೊತ್ತಿರುವವರು ಬಂದು ನೋಡಬೇಕು ಎಂದರ್ಥ.

ಇನ್ನೊಂದು ಮಾತು. ಎಲ್ಲ ತೊಂದರೆಯೂ ಕೆಳಗಿನಿಂದ ಕಾಣುವುದಿಲ್ಲ. 2021ರ ಡಿಸೆಂಬರ್ ಕೊನೆಯಲ್ಲಿ ಬೆಂಗಳೂರಿನ ಪೀಣ್ಯ ಮೇಲ್ಸೇತುವೆಯನ್ನು ಮುಚ್ಚಿದ್ದು ಯಾವ ಗ್ಯಾಪಿನಿಂದಲೂ ಅಲ್ಲ. ಕಾಂಕ್ರೀಟಿನ ಒಳಗೆ ಬಿಗಿದು ಕಟ್ಟಿದ ಉಕ್ಕಿನ ಕೇಬಲ್‌ಗಳಲ್ಲಿ ದೋಷ ಕಂಡಿತ್ತು. ಹೊರಗಿನಿಂದ ನೋಡಿದವರಿಗೆ ಅದು ಗಟ್ಟಿಮುಟ್ಟಾಗಿಯೇ ಕಾಣುತ್ತಿತ್ತು. ಹೆದರಿಸುವ ಫೋಟೊ ಬಹಳ ಸಲ ನಿರಪಾಯಕಾರಿ, ಏನೂ ಕಾಣದ ಫೋಟೊ ಕೆಲವು ಸಲ ಅಪಾಯಕಾರಿ. ಅದಕ್ಕೇ ನಿಯಮಿತ ತಪಾಸಣೆಗೆ ಬದಲಿ ಇಲ್ಲ. ನಿಮ್ಮೂರಿನ ಸೇತುವೆಯ ತಪಾಸಣೆ ಕೊನೆಯ ಸಲ ಯಾವಾಗ ಆಯಿತು, ವರದಿ ಏನು ಹೇಳಿತು ಎಂದು ಸಂಬಂಧಪಟ್ಟ ಇಲಾಖೆಯನ್ನು ಕೇಳುವ ಹಕ್ಕು ನಿಮಗಿದೆ. ಮಾಹಿತಿ ಹಕ್ಕು ಕಾಯ್ದೆ ಇರುವುದೇ ಇಂಥದ್ದಕ್ಕೆ.

ಫಾರ್ವರ್ಡ್ ಬಂದಾಗ ಹೀಗೆ ಮಾಡಿ

"ಕಂಬಕ್ಕೂ ತೊಲೆಗೂ ನಡುವೆ ಗ್ಯಾಪ್ ಇದೆ": ಇರಬೇಕು. ತೊಲೆ ಬೇರಿಂಗ್ ಮೇಲೆ ಕೂತಿದೆಯೇ ನೋಡಿ.

"ಸಿಮೆಂಟ್ ಬದಲು ರಬ್ಬರ್ ಇಟ್ಟಿದ್ದಾರೆ": ಅದು ಉಕ್ಕು ಮತ್ತು ರಬ್ಬರ್ ಬೆಸೆದ ಬೇರಿಂಗ್. ಅದು ಹರಿದಿದ್ದರೆ ಮಾತ್ರ ಚಿಂತೆ.

"ರಸ್ತೆ ಎರಡು ಭಾಗವಾಗಿದೆ": ಸಮ ಅಂತರದಲ್ಲಿ, ನೇರ ಗೆರೆಯಲ್ಲಿ, ಉಕ್ಕಿನ ಅಂಚು ಇರುವ ಸಂದಾದರೆ ಅದು ಬೇಕೆಂದೇ ಬಿಟ್ಟದ್ದು. ಅಂಕುಡೊಂಕಾಗಿ, ಸಂದಿಲ್ಲದ ಜಾಗದಲ್ಲಿ ಒಡೆದಿದ್ದರೆ ಅದು ಬಿರುಕು.

"ಸೇತುವೆ ನಡುಗುತ್ತಿದೆ": ಮೊದಲೂ ಇಷ್ಟೇ ನಡುಗುತ್ತಿತ್ತೇ? ಉತ್ತರ ಗೊತ್ತಿರುವುದು ಅಲ್ಲಿನ ಜನಕ್ಕೆ, ನಿಮ್ಮ ಗ್ರೂಪಿಗಲ್ಲ.

ನಿಜಕ್ಕೂ ಅನುಮಾನ ಬಂದರೆ ಸುರಕ್ಷಿತ ಜಾಗದಲ್ಲಿ ನಿಂತು ಫೋಟೊ ತೆಗೆಯಿರಿ. ಕೆಳಗಿಳಿದು, ಕಂಬ ಹತ್ತಿ ಸಾಹಸ ಬೇಡ. ಊರು, ನದಿ ಅಥವಾ ರಸ್ತೆಯ ಹೆಸರು, ಕಂಬದ ಮೇಲೆ ಬರೆದ ಸಂಖ್ಯೆ, ದಿನಾಂಕ, ಸಮಯ ಬರೆದುಕೊಳ್ಳಿ. ರಾಷ್ಟ್ರೀಯ ಹೆದ್ದಾರಿಯಾದರೆ 1033 ಸಹಾಯವಾಣಿಗೆ ಕರೆ ಮಾಡಿ. ಉಳಿದ ಕಡೆ ಲೋಕೋಪಯೋಗಿ ಇಲಾಖೆ, ನಗರಸಭೆ ಅಥವಾ ಪಂಚಾಯಿತಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಣ್ಣೆದುರೇ ಭಾಗ ಕುಸಿಯುತ್ತಿದ್ದರೆ 112ಕ್ಕೆ ಕರೆ ಮಾಡಿ, ಬರುವ ವಾಹನಗಳನ್ನು ದೂರದಲ್ಲೇ ನಿಲ್ಲಿಸಿ.

ಊರು, ದಿನಾಂಕ ಯಾವುದೂ ಇಲ್ಲದ ಒಂದು ಫೋಟೊ ಸಾವಿರ ಫೋನು ಸುತ್ತಿದರೂ ಒಂದು ಬೇರಿಂಗ್ ಬದಲಾಗುವುದಿಲ್ಲ. ಕಂಬದ ಸಂಖ್ಯೆ ಬರೆದ ಒಂದು ದೂರು ಸರಿಯಾದ ಮೇಜು ತಲುಪಿದರೆ ಬದಲಾಗಬಹುದು. ಇವತ್ತು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಸೇತುವೆ ಸಿಕ್ಕರೆ ಒಮ್ಮೆ ಕಂಬದ ತಲೆಯ ಕಡೆ ನೋಡಿ. ಆ ಕಪ್ಪು ದಿಂಡು ಅಲ್ಲೇ, ನೆಟ್ಟಗೆ, ಒಣಗಿ ಕೂತಿದ್ದರೆ ಈ ಲೇಖನವನ್ನು ಫಾರ್ವರ್ಡ್ ಮಾಡಿ. ಇಲ್ಲದಿದ್ದರೆ ಮೊದಲು ದೂರು ಕೊಡಿ.